ನಾದದಲ್ಲಿ ಉಳಿದ ನಾಡು: ಪೋಲೆಂಡಿನ ವಾದ್ಯವೃಂದ ಸಂಗೀತ, ಸ್ವಾತಂತ್ರ್ಯ ಮತ್ತು ಐಕಮತ್ಯ

ರಾಷ್ಟ್ರಗಳ ಇತಿಹಾಸವನ್ನು ನಾವು ಸಾಮಾನ್ಯವಾಗಿ ಯುದ್ಧಗಳ, ಒಪ್ಪಂದಗಳ, ಅರಸರ ಮತ್ತು ಮಂತ್ರಿಗಳ ಚರಿತ್ರೆಯಾಗಿ ಓದುತ್ತೇವೆ. ಆದರೆ ನೆಲವನ್ನೂ ಆಡಳಿತವನ್ನೂ ಕಳೆದುಕೊಂಡ ಜನಾಂಗವೊಂದು ತನ್ನತನವನ್ನು ಎಲ್ಲಿ ಕಾಪಾಡಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಅಂತಹ ಚರಿತ್ರೆಯು ಉತ್ತರ ಕೊಡಲಾರದು. ಸೈನ್ಯವಿಲ್ಲದ, ಗಡಿಗಳಿಲ್ಲದ, ಭೂಪಟದಲ್ಲಿ ಹೆಸರೂ ಇಲ್ಲದ ನಾಡೊಂದು ಜೀವಂತವಾಗಿರಬಲ್ಲುದೇ? ಇರಬಲ್ಲುದು ಎಂಬುದಕ್ಕೆ ಪೋಲೆಂಡ್ ದೇಶವೇ ಸಾಕ್ಷಿ. ಅದು ಮೂರು ಆಶ್ರಯಗಳಲ್ಲಿ ಬದುಕಿತು: ಮಾತೃಭಾಷೆಯಲ್ಲಿ, ಕಥೋಲಿಕ ವಿಶ್ವಾಸದಲ್ಲಿ ಮತ್ತು ಸಂಗೀತದಲ್ಲಿ. ಮೊದಲಿನ ಎರಡನ್ನು ಕುರಿತು ನಮ್ಮ ಜನರು ಬಹಳಷ್ಟು ಕೇಳಿದ್ದಾರೆ. ಮೂರನೆಯದರ ಚರಿತ್ರೆ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಅದನ್ನು ಸಂಗ್ರಹವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಪೋಲೆಂಡನ್ನು ಅದರ ನೆರೆಯ ಸಾಮ್ರಾಜ್ಯಗಳಾದ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳು 1772, 1793 ಮತ್ತು 1795ರಲ್ಲಿ ಮೂರು ಕಂತುಗಳಲ್ಲಿ ಹಂಚಿಕೊಂಡವು. ಅಲ್ಲಿಂದ 1918ರ ನವೆಂಬರ್ 11ರವರೆಗೆ, ಅಂದರೆ 123 ವರ್ಷಗಳ ಕಾಲ, ಪೋಲೆಂಡ್ ಎಂಬ ಸ್ವತಂತ್ರ ರಾಜ್ಯವು ಇರಲಿಲ್ಲ. 1830ರಲ್ಲಿಯೂ 1863ರಲ್ಲಿಯೂ ಎದ್ದ ದಂಗೆಗಳನ್ನು ರಷ್ಯಾದ ಚಕ್ರವರ್ತಿಗಳು ನಿಷ್ಕರುಣೆಯಿಂದ ಅಡಗಿಸಿದರು. ದೊರಕಿದ ಸ್ವಾತಂತ್ರ್ಯವೂ 21 ವರ್ಷ ಮಾತ್ರ ಬಾಳಿತು. 1939ರಲ್ಲಿ ಪಶ್ಚಿಮದಿಂದ ಜರ್ಮನಿಯೂ ಪೂರ್ವದಿಂದ ಸೋವಿಯತ್ ಒಕ್ಕೂಟವೂ ನಾಡನ್ನು ಮತ್ತೆ ಆಕ್ರಮಿಸಿದವು. ಯುದ್ಧಾನಂತರ ಮಾಸ್ಕೋದ ನೆರಳಿನ ಕಮ್ಯೂನಿಸ್ಟ್ ಆಡಳಿತವು 1989ರವರೆಗೆ ನಡೆಯಿತು.

ವಾದ್ಯವೃಂದವೆಂಬ ಸಮುದಾಯ

ಪಾಶ್ಚಾತ್ಯರ ಪೂರ್ಣ ವಾದ್ಯವೃಂದದಲ್ಲಿ ಎಂಬತ್ತು, ನೂರು ಮಂದಿ ವಾದಕರು ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಪಿಟೀಲಿನ ಬಳಗ, ಕೊಳಲು ಮುಂತಾದ ಊದುವ ವಾದ್ಯಗಳು, ಕಹಳೆಗಳು, ನಗಾರಿಗಳು ಹೀಗೆ ಹಲವು ಪಂಗಡಗಳಿರುತ್ತವೆ. ನಮ್ಮ ಕಛೇರಿಯಲ್ಲಿ ಗಾಯಕನು ಮನೋಧರ್ಮಕ್ಕೆ ತಕ್ಕಂತೆ ರಾಗವನ್ನು ಬೆಳೆಸುವಂತೆ ಅಲ್ಲಿ ಬೆಳೆಸುವುದಿಲ್ಲ. ಪ್ರತಿಯೊಬ್ಬ ವಾದಕನ ಮುಂದೆ ಅವನವನ ಪಾಲಿನ ಸ್ವರಲಿಪಿ ಇರುತ್ತದೆ. ಒಬ್ಬನು ನುಡಿಸುವಾಗ ಇನ್ನೊಬ್ಬನು ಮೌನವಾಗಿ ಎಣಿಸುತ್ತಾ ಕಾಯಬೇಕು. ಯಾರ ಪಾಲು ಎಷ್ಟು ಚಿಕ್ಕದಾದರೂ ಅದು ತಪ್ಪಿದರೆ ಇಡೀ ರಚನೆ ಕೆಡುತ್ತದೆ. ದೇಹ ಒಂದೇ, ಅಂಗಗಳು ಅನೇಕ ಎಂಬ ಸಂತ ಪೌಲರ ಉಪದೇಶವನ್ನು ಬಲ್ಲ ನಮಗೆ ಈ ವ್ಯವಸ್ಥೆಯ ಅರ್ಥವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದಾಸ್ಯದಲ್ಲಿರುವ ನಾಡಿನಲ್ಲಿ ಇಂತಹ ವೃಂದಕ್ಕೆ ಇನ್ನೊಂದು ಬೆಲೆಯೂ ಉಂಟು. ಪುಸ್ತಕವನ್ನು ಸರಕಾರದ ಪರಿಶೀಲಕನು ಓದಿ ತಡೆಯಬಲ್ಲನು. ಭಾಷಣವನ್ನು ಪೋಲೀಸರು ನಿಲ್ಲಿಸಬಲ್ಲರು. ಆದರೆ ಮಾತಿಲ್ಲದ ಸ್ವರದಲ್ಲಿ ಅಪರಾಧವನ್ನು ಹುಡುಕುವುದು ಸುಲಭವಲ್ಲ. ಕೇಳುವವರಿಗೆ ಮಾತ್ರ ಅದರ ಅರ್ಥ ಸ್ಪಷ್ಟವಾಗಿರುತ್ತದೆ. ರಷ್ಯಾದ ಆಳ್ವಿಕೆಯಲ್ಲಿಯೇ, 1901ರ ನವೆಂಬರ್ 5ರಂದು, ವಾರ್ಸಾ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ತನ್ನ ಮೊದಲ ಕಛೇರಿಯನ್ನು ನಡೆಸಿತು. ಸ್ವಂತ ಸಂಸತ್ತಿಲ್ಲದ ಜನರು ಸ್ವಂತ ವಾದ್ಯವೃಂದವನ್ನು ಕಟ್ಟಿಕೊಂಡರು. ಅಂದು ವೃಂದವನ್ನು ನಡೆಸಿದವರು ಎಮಿಲ್ ಮ್ಲಿನಾರ್ಸ್ಕಿ. ಪಿಯಾನೋ ನುಡಿಸಿದವರು ಇಗ್ನಾಸಿ ಯಾನ್ ಪಾಡೆರೆವ್ಸ್ಕಿ.

ಪ್ರಧಾನಿಯಾದ ಸಂಗೀತಗಾರ

ಪಾಡೆರೆವ್ಸ್ಕಿಯವರು ಹುಟ್ಟಿದ್ದು 1860ರಲ್ಲಿ, ರಷ್ಯಾದ ಹಿಡಿತದಲ್ಲಿದ್ದ ಪೊದೋಲಿಯಾ ಪ್ರಾಂತ್ಯದಲ್ಲಿ. 1863ರ ದಂಗೆಯ ಕಾಲದಲ್ಲಿ ಅವರ ತಂದೆಯನ್ನು ರಷ್ಯನ್ನರು ಸೆರೆಮನೆಗೆ ಒಯ್ದರು. ಮಗನು ಬೆಳೆದು ಲೋಕಪ್ರಸಿದ್ಧ ಪಿಯಾನೋ ವಾದಕನಾದರೂ ಆ ದಂಗೆಯ ನೆನಪು ಅಳಿಯಲಿಲ್ಲ. ಅವರು ರಚಿಸಿದ ಏಕೈಕ ಸಿಂಫನಿಯ ಹೆಸರು ‘ಪೊಲೋನಿಯಾ’, ಅಂದರೆ ಪೋಲೆಂಡ್. ಒಂದು ಗಂಟೆಗೂ ಮೀರಿದ ಈ ಮಹಾರಚನೆಯನ್ನು 1909ರ ಫೆಬ್ರವರಿಯಲ್ಲಿ ಅಮೆರಿಕದ ಬಾಸ್ಟನ್ ನಗರದ ವಾದ್ಯವೃಂದವು ಮೊದಲು ನುಡಿಸಿತು. ಅದರ ಕೊನೆಯ ಭಾಗದಲ್ಲಿ ಪೋಲಿಷ್ ಜನರ ದೇಶಭಕ್ತಿಗೀತೆಯಾದ ‘ದೊಂಬ್ರೋವ್ಸ್ಕಿಯ ಮಜುರ್ಕಾ’ದ ಸ್ವರಗಳು ರೂಪ ಬದಲಿಸಿಕೊಂಡು ಬರುತ್ತವೆ. ಇದೇ ಗೀತೆಯು 1927ರಲ್ಲಿ ಆ ದೇಶದ ರಾಷ್ಟ್ರಗೀತೆಯಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಪೋಲೆಂಡಿನ ನೆಲವೇ ರಣರಂಗವಾಯಿತು. ಒಂದೇ ಜನಾಂಗದ ಯುವಕರು ಮೂರು ಚಕ್ರವರ್ತಿಗಳ ಸೈನ್ಯಗಳಲ್ಲಿ ನಿಂತು ಒಬ್ಬರನ್ನೊಬ್ಬರು ಕೊಲ್ಲಬೇಕಾಗಿ ಬಂದ ದುರಂತವದು. ಪಾಡೆರೆವ್ಸ್ಕಿಯವರು ಅಮೆರಿಕದಲ್ಲಿ ಊರಿಂದೂರಿಗೆ ಸಂಚರಿಸಿ, ಪಿಯಾನೋ ನುಡಿಸಿ, ಭಾಷಣ ಮಾಡಿ, ಹಸಿದ ತಮ್ಮ ಜನರಿಗಾಗಿ ಹಣ ಕೂಡಿಸಿದರು. ಸ್ವತಂತ್ರ ಪೋಲೆಂಡಿನ ಪರವಾಗಿ ಅಲ್ಲಿಯ ನಾಯಕರ ಮನವೊಲಿಸಿದರು. 1918ರ ಜನವರಿಯಲ್ಲಿ ಅಧ್ಯಕ್ಷ ವಿಲ್ಸನ್ ಪ್ರಕಟಿಸಿದ 14 ಅಂಶಗಳಲ್ಲಿ 13ನೆಯದು ಸ್ವತಂತ್ರ ಪೋಲೆಂಡಿನ ಸ್ಥಾಪನೆಯಾಗಿತ್ತು. 1919ರಲ್ಲಿ ಪಾಡೆರೆವ್ಸ್ಕಿಯವರೇ ಪ್ರಧಾನಿಯಾಗಿ, ವರ್ಸೈಲ್ಸ್ ಒಪ್ಪಂದಕ್ಕೆ ತಮ್ಮ ನಾಡಿನ ಪರವಾಗಿ ಸಹಿ ಹಾಕಿದರು.

ಪರನಾಡಿನವರ ಕೈನೀಡಿಕೆ

ಸ್ವಾತಂತ್ರ್ಯದ ಹಂಬಲ ಒಂದು ಜನಾಂಗದ್ದಾದರೂ, ಅದಕ್ಕೆ ಓಗೊಡುವುದು ಎಲ್ಲರ ಕರ್ತವ್ಯ. 1915ರಲ್ಲಿ ಮ್ಲಿನಾರ್ಸ್ಕಿಯವರು ಇಂಗ್ಲೆಂಡಿನ ಹಿರಿಯ ಸಂಗೀತ ರಚನಕಾರ ಸರ್ ಎಡ್ವರ್ಡ್ ಎಲ್ಗಾರ್ ಅವರನ್ನು ಕಂಡು, ಪೋಲೆಂಡಿಗಾಗಿ ಒಂದು ಕೃತಿಯನ್ನು ರಚಿಸಬೇಕೆಂದು ಕೇಳಿಕೊಂಡರು. ಕಥೋಲಿಕ ಮನೆತನದವರಾದ ಎಲ್ಗಾರ್ ಅವರು ‘ಪೊಲೋನಿಯಾ’ ಎಂಬ ಹೆಸರಿನಲ್ಲಿಯೇ ವಾದ್ಯವೃಂದಕ್ಕೆ ಒಂದು ರಚನೆ ಮಾಡಿ, ಪಾಡೆರೆವ್ಸ್ಕಿಯವರಿಗೆ ಅರ್ಪಿಸಿದರು. ಪೋಲಿಷ್ ದೇಶಭಕ್ತಿಗೀತೆಗಳನ್ನು, ಶೋಪೆನ್ನರ ಒಂದು ರಾತ್ರಿಗೀತದ ತುಣುಕನ್ನು, ಪಾಡೆರೆವ್ಸ್ಕಿಯವರದೇ ಒಂದು ಸ್ವರಮಾಲೆಯನ್ನು ಅದರಲ್ಲಿ ಹೆಣೆದರು. ಯುದ್ಧಸಂತ್ರಸ್ತರಾದ ಪೋಲಿಷ್ ಜನರ ನೆರವಿಗಾಗಿ ಲಂಡನ್ನಿನಲ್ಲಿ 1915ರ ಜುಲೈ 6ರಂದು ನಡೆದ ಕಛೇರಿಯಲ್ಲಿ ಅದನ್ನು ತಾವೇ ನಡೆಸಿಕೊಟ್ಟರು. ಒಂದು ನಾಡಿನ ವಾದಕರು ಇನ್ನೊಂದು ನಾಡಿನ ಹಾಡನ್ನು ತಮ್ಮದೆಂಬಂತೆ ನುಡಿಸುವುದಕ್ಕಿಂತ ಮಿಗಿಲಾದ ಸೌಹಾರ್ದ ಯಾವುದು?

ಈ ಸೌಹಾರ್ದದ ಒಂದು ಎಳೆ ನಮ್ಮ ದೇಶವನ್ನೂ ಮುಟ್ಟಿದೆ. ಗುಜರಾತಿನ ನವಾನಗರದ ಜಾಮ್ ಸಾಹೇಬರಾದ ದಿಗ್ವಿಜಯಸಿಂಹಜಿಯವರು ಸ್ವಿಟ್ಜರ್ಲೆಂಡಿನಲ್ಲಿ ಪಾಡೆರೆವ್ಸ್ಕಿಯವರನ್ನು ಕಂಡಿದ್ದರೆಂದೂ, ಪೋಲೆಂಡಿನ ಮೇಲಿನ ಅವರ ಒಲವು ಅಲ್ಲಿಂದ ಮೊದಲಾಯಿತೆಂದೂ ಹೇಳುತ್ತಾರೆ. 1942ರಲ್ಲಿ, ಸೋವಿಯತ್ ಶಿಬಿರಗಳಿಂದ ಬಿಡುಗಡೆಯಾಗಿ ಬಂದ ನೂರಾರು ಪೋಲಿಷ್ ಮಕ್ಕಳಿಗೆ ಅವರು ಬಾಲಾಚಡಿಯಲ್ಲಿ ಆಶ್ರಯವಿತ್ತರು. ನಮ್ಮ ಬೆಳಗಾವಿಯ ನೆರೆಯದಾದ ಕೊಲ್ಹಾಪುರದ ಬಳಿ, ವಳಿವಡೆಯಲ್ಲಿ, 1943ರಿಂದ 1948ರವರೆಗೆ ಸುಮಾರು 5,000 ಮಂದಿ ಪೋಲಿಷ್ ನಿರಾಶ್ರಿತರು ವಾಸವಾಗಿದ್ದರು.

ಬೂದಿಯೊಳಗಿನ ಸ್ವರ

ಜರ್ಮನರ ಆಕ್ರಮಣದ ವರ್ಷಗಳಲ್ಲಿ ಸಂಗೀತದ ಮೇಲೆಯೂ ದಾಳಿ ನಡೆಯಿತು. ಫಿಲ್‌ಹಾರ್ಮೋನಿಕ್ ಸಭಾಭವನವು 1939ರ ಬಾಂಬ್ ದಾಳಿಗೆ ತುತ್ತಾಯಿತು. ವೃಂದದ ವಾದಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಯುದ್ಧಕಾಲದಲ್ಲಿ ಮಡಿದರು. ವಾರ್ಸಾದಲ್ಲಿದ್ದ ಶೋಪೆನ್ನರ ಪ್ರತಿಮೆಯನ್ನು 1940ರ ಮೇ 31ರಂದು ಸಿಡಿಸಿ ಕೆಡವಿದರು. ಪ್ಯಾರಿಸ್ಸಿನಲ್ಲಿ ಮೃತರಾದ ಶೋಪೆನ್ನರ ಹೃದಯವನ್ನು ವಾರ್ಸಾದ ಪವಿತ್ರ ಶಿಲುಬೆಯ ದೇವಾಲಯದ ಒಂದು ಕಂಬದೊಳಗೆ ಇರಿಸಲಾಗಿತ್ತು. 1944ರ ವಾರ್ಸಾ ದಂಗೆಯ ಕಾಲದಲ್ಲಿ ಆ ದೇವಾಲಯವು ಬಹಳ ಮಟ್ಟಿಗೆ ನೆಲಸಮವಾಯಿತು. ಹೃದಯಪಾತ್ರೆಯು ಮಾತ್ರ ಉಳಿದು, 1945ರ ಅಕ್ಟೋಬರ್ 17ರಂದು, ಅವರ ಪುಣ್ಯತಿಥಿಯ ದಿನವೇ, ಮತ್ತೆ ತನ್ನ ಸ್ಥಾನವನ್ನು ಸೇರಿತು.

ಆಂದ್ಜೇಯ್ ಪಾನುಫ್ನಿಕ್ ಎಂಬ ತರುಣ ರಚನಕಾರರು ಆ ದಿನಗಳಲ್ಲಿ ವಾರ್ಸಾದ ಕಾಫಿ ಅಂಗಡಿಗಳಲ್ಲಿ ಪಿಯಾನೋ ನುಡಿಸಿ ಜೀವಿಸುತ್ತಿದ್ದರು. 1944ರ ದಂಗೆಯಲ್ಲಿ ಅವರ ಅಣ್ಣನು ಹತನಾದನು. ಅವರು ಅಲ್ಲಿಯವರೆಗೆ ಬರೆದ ಸ್ವರಲಿಪಿಗಳೆಲ್ಲವೂ ನಾಶವಾದವು. ‘ಶೋಕದ ಪೀಠಿಕೆ’ ಎನ್ನಬಹುದಾದ ಒಂದು ಕೃತಿಯನ್ನು ಅವರು ನೆನಪಿನಿಂದಲೇ ಮತ್ತೆ ಬರೆದು ಅಣ್ಣನಿಗೆ ಅರ್ಪಿಸಿದರು. ಕಮ್ಯೂನಿಸ್ಟ್ ಆಡಳಿತವು ಅವರನ್ನು ಮೊದಲು ಮನ್ನಿಸಿತು. ಬಳಿಕ ಸಂಗೀತವೂ ಪಕ್ಷದ ಆಜ್ಞೆಯಂತೆ ನಡೆಯಬೇಕೆಂದು ಒತ್ತಾಯಿಸಿತು. 1954ರಲ್ಲಿ ಅವರು ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದರು. ಕೂಡಲೇ ಅವರ ಹೆಸರನ್ನು ಅಚ್ಚುಮಾಡುವುದಕ್ಕೂ ಅವರ ಕೃತಿಗಳನ್ನು ನುಡಿಸುವುದಕ್ಕೂ ಪೋಲೆಂಡಿನಲ್ಲಿ ತಡೆಯಾಯಿತು. ಆ ತಡೆಯು ತೆರವಾದುದು 1977ರಲ್ಲಿ.

ಹೀಗೆ ನಾಡಿನಿಂದ ಹೊರಗಾದವರು ನಾಡನ್ನು ಮರೆಯಲಿಲ್ಲ. 966ರಲ್ಲಿ ಪೋಲೆಂಡಿನ ದೊರೆಯು ಜ್ಞಾನಸ್ನಾನ ಪಡೆದು ಆ ನಾಡು ಕ್ರೈಸ್ತ ರಾಷ್ಟ್ರವಾಯಿತು. ಅದರ ಸಾವಿರ ವರ್ಷಗಳ ಸ್ಮರಣೆಗಾಗಿ ಪಾನುಫ್ನಿಕ್ ಅವರು 1963ರಲ್ಲಿ ‘ಸಿಂಫೋನಿಯಾ ಸಾಕ್ರಾ’, ಅಂದರೆ ಪವಿತ್ರ ಸಿಂಫನಿಯನ್ನು ರಚಿಸಿದರು. ಅದಕ್ಕೆ ಆಧಾರ ‘ಬೊಗುರೋಜಿತ್ಸಾ’ ಎಂಬ, ದೇವಮಾತೆಯನ್ನು ಕುರಿತ ಪುರಾತನ ಗೀತೆ. ಪೋಲಿಷ್ ಭಾಷೆಯಲ್ಲಿ ನಮಗೆ ತಿಳಿದಿರುವ ಸ್ತೋತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಯೋಧರು ರಣಕ್ಕೆ ಹೋಗುವಾಗ ಅದನ್ನು ಹಾಡುತ್ತಿದ್ದರು. ಸಿಂಫನಿಯ ಆರಂಭದಲ್ಲಿ ನಾಲ್ಕು ಕಹಳೆಗಳು ಕರೆಯುತ್ತವೆ. ನಡುವೆ ಶಾಂತವಾದ ತಂತೀವಾದ್ಯಗಳ ಧ್ಯಾನವೂ, ಬಳಿಕ ಕದನದ ಆರ್ಭಟವೂ ಬರುತ್ತವೆ. ಕೊನೆಗೆ ಮರಿಯಮ್ಮನವರ ಗೀತೆಯು ಅತಿ ಮೆಲ್ಲನೆ ಮೊದಲಾಗಿ, ಇಡೀ ವೃಂದವನ್ನು ತುಂಬುತ್ತಾ ಏರುತ್ತದೆ. ಮಾತೇ ಇಲ್ಲದ ಆ ಸ್ತೋತ್ರವನ್ನು ಕೇಳಿದ ಪೋಲಿಷ್ ಭಕ್ತನಿಗೆ ಮಾತುಗಳು ತಾವಾಗಿಯೇ ನೆನಪಾಗುತ್ತವೆ.

ಸ್ವದೇಶದಲ್ಲಿಯೇ ಉಳಿದವರ ದಾರಿ ಬೇರೆಯಾಗಿತ್ತು. ಹೆನ್ರಿಕ್ ಗುರೆಟ್ಸ್ಕಿ ಅವರು ಕಟೋವಿತ್ಸೆ ನಗರದ ಸಂಗೀತ ವಿದ್ಯಾಲಯದ ಮುಖ್ಯಸ್ಥರಾಗಿದ್ದರು. 1976ರಲ್ಲಿ ಅವರು ರಚಿಸಿದ ಮೂರನೆಯ ಸಿಂಫನಿಯು ಮೂರು ಶೋಕಗೀತೆಗಳ ಸರಣಿ: ಒಂದು ಶಿಲುಬೆಯಡಿಯ ದೇವಮಾತೆಯದು; ಇನ್ನೊಂದು, 1944ರಲ್ಲಿ ಜರ್ಮನ್ ರಹಸ್ಯ ಪೋಲೀಸರ ಸೆರೆಕೋಣೆಯ ಗೋಡೆಯ ಮೇಲೆ ಹದಿನೆಂಟರ ಹುಡುಗಿಯೊಬ್ಬಳು ಬರೆದ ಪ್ರಾರ್ಥನೆ; ಮೂರನೆಯದು, ಹೋರಾಟದಲ್ಲಿ ಕಳೆದುಹೋದ ಮಗನನ್ನು ಹುಡುಕುವ ತಾಯಿಯ ಜನಪದ ಹಾಡು. ಮರುವರ್ಷವೇ ಕ್ರಾಕೋವ್‌ನ ಮಹಾಧರ್ಮಾಧ್ಯಕ್ಷರು ಅವರಿಗೆ ಇನ್ನೊಂದು ಕೆಲಸ ಒಪ್ಪಿಸಿದರು. ಅರಸನನ್ನು ಎದುರಿಸಿ 1079ರಲ್ಲಿ ರಕ್ತಸಾಕ್ಷಿಯಾದ ಧರ್ಮಾಧ್ಯಕ್ಷ ಸಂತ ಸ್ತಾನಿಸ್ಲಾಸರ 900ನೆಯ ವರ್ಷದ ಸ್ಮರಣೆಗಾಗಿ ಒಂದು ಕೃತಿ ಬೇಕಾಗಿತ್ತು. ಕೃತಿ ಮುಗಿಯುವ ಮುನ್ನವೇ, 1978ರಲ್ಲಿ, ಕೇಳಿದವರು ಜಗದ್ಗುರು ಎರಡನೆಯ ಜಾನ್ ಪಾಲರಾಗಿದ್ದರು! ಕೀರ್ತನೆಗಳ ಆಧಾರದ ಮೇಲೆ ಗಾಯಕ, ಗಾನವೃಂದ ಮತ್ತು ಮಹಾವಾದ್ಯವೃಂದಕ್ಕಾಗಿ ರಚಿತವಾದ ‘ಬೆಯಾತುಸ್ ವಿರ್’ ಕೃತಿಯನ್ನು 1979ರ ಜೂನ್ 9ರಂದು ಕ್ರಾಕೋವ್‌ನಲ್ಲಿ ಪೋಪರ ಸಮ್ಮುಖದಲ್ಲಿ ರಚನಕಾರರೇ ನಡೆಸಿದರು. ಆದರೆ ಅದೇ ವರ್ಷ, ಪೋಪರು ಕಟೋವಿತ್ಸೆಗೆ ಬರಲು ಸರಕಾರವು ಒಪ್ಪಲಿಲ್ಲವೆಂಬ ಕಾರಣಕ್ಕಾಗಿ ಗುರೆಟ್ಸ್ಕಿ ಅವರು ತಮ್ಮ ಪದವಿಯನ್ನು ತ್ಯಜಿಸಿದರು.

ಮೂರು ಶಿಲುಬೆಗಳ ಬುಡದಲ್ಲಿ

1970ರ ಡಿಸೆಂಬರ್‌ನಲ್ಲಿ ಆಹಾರ ಪದಾರ್ಥಗಳ ಬೆಲೆಯೇರಿಕೆಯನ್ನು ಪ್ರತಿಭಟಿಸಿದ ಬಾಲ್ಟಿಕ್ ಕರಾವಳಿಯ ಹಡಗುಕಟ್ಟೆಯ ಕಾರ್ಮಿಕರ ಮೇಲೆ ಸೈನ್ಯವು ಗುಂಡು ಹಾರಿಸಿತು. 40ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರ ಹೆಸರನ್ನು ಬಹಿರಂಗವಾಗಿ ಸ್ಮರಿಸುವುದಕ್ಕೂ ಅವಕಾಶವಿರಲಿಲ್ಲ. ಹತ್ತು ವರ್ಷಗಳ ಬಳಿಕ, 1980ರ ಆಗಸ್ಟ್‌ನಲ್ಲಿ, ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಮೊದಲ ಬೇಡಿಕೆಗಳಲ್ಲಿ ಆ ಮೃತರಿಗೊಂದು ಸ್ಮಾರಕವೂ ಸೇರಿತ್ತು. ಕೂಲಿಯ ಮಾತಿನೊಡನೆ ಸತ್ತವರ ಮಾತನ್ನೂ ಮುಂದಿಟ್ಟ ಆ ಕಾರ್ಮಿಕರ ಸಂಘವೇ ‘ಸಾಲಿಡಾರಿಟಿ’, ಎಂದರೆ ಐಕಮತ್ಯ. ಸುಮಾರು ಒಂದು ಕೋಟಿ ಜನರು ಅದರ ಸದಸ್ಯರಾದರು.

42 ಮೀಟರ್ ಎತ್ತರದ ಮೂರು ಉಕ್ಕಿನ ಶಿಲುಬೆಗಳು ಹಡಗುಕಟ್ಟೆಯ ಬಾಗಿಲ ಮುಂದೆ ಎದ್ದು ನಿಂತವು. ಅವುಗಳ ಮೇಲೆ ಲಂಗರುಗಳನ್ನು ತೂಗಿಸಿದರು. ಲಂಗರು ಹಡಗಿನವರ ಗುರುತೂ ಹೌದು, ಕ್ರೈಸ್ತ ಭರವಸೆಯ ಗುರುತೂ ಹೌದು. ಸಂಘದ ನಾಯಕ ಲೆಕ್ ವಲೇಸಾ ಅವರ ಕೋರಿಕೆಯಂತೆ ಕ್ರಿಸ್ಟೋಫ್ ಪೆಂಡೆರೆಟ್ಸ್ಕಿ ಅವರು ಮೃತರ ಪೂಜೆಯ ಲತೀನ್ ಗೀತೆಯಿಂದ ‘ಲಾಕ್ರಿಮೋಸಾ’ ಎಂಬ ಕಣ್ಣೀರಿನ ಚರಣವನ್ನು ಆರಿಸಿ, ಒಂದು ಸ್ತ್ರೀಕಂಠ, ಗಾನವೃಂದ ಮತ್ತು ವಾದ್ಯವೃಂದಕ್ಕೆ ಸ್ವರ ಹಾಕಿದರು. 1980ರ ಡಿಸೆಂಬರ್ 16ರಂದು ಸ್ಮಾರಕದ ಅನಾವರಣದಲ್ಲಿ ಅದು ಕೇಳಿಬಂದಿತು. ಹೊಗಳಿಕೆಯಿಲ್ಲ, ವಿಜಯಘೋಷವಿಲ್ಲ, ಕೆಲವೇ ನಿಮಿಷಗಳ ಅಳಲು ಮಾತ್ರ. ಹತ್ತು ವರ್ಷ ಅಳುವುದಕ್ಕೂ ಸ್ವಾತಂತ್ರ್ಯವಿಲ್ಲದಿದ್ದವರಿಗೆ ಅದೇ ಮೊದಲ ಸ್ವಾತಂತ್ರ್ಯವಾಗಿತ್ತು.

ಒಂದು ವರ್ಷ ತುಂಬುವುದರೊಳಗೆ, 1981ರ ಡಿಸೆಂಬರ್ 13ರಂದು, ಸರಕಾರವು ಸೈನಿಕ ಶಾಸನವನ್ನು ಹೇರಿತು. ಸಾವಿರಾರು ಮಂದಿ ಬಂಧಿತರಾದರು, ಸಂಘವು ನಿಷೇಧಕ್ಕೊಳಗಾಯಿತು. ಆದರೆ ಪೆಂಡೆರೆಟ್ಸ್ಕಿ ಅವರ ಲೇಖನಿ ನಿಲ್ಲಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ಡಿನಲ್ ವಿಷಿನ್‌ಸ್ಕಿಯವರು ನಿಧನರಾದಾಗ ಅವರು ‘ಆಗ್ನುಸ್ ದೇಯಿ’ಯನ್ನು ರಚಿಸಿದ್ದರು. 1953ರಿಂದ ಮೂರು ವರ್ಷ ಕಮ್ಯೂನಿಸ್ಟರ ಸೆರೆಯಲ್ಲಿದ್ದ ಆ ಹಿರಿಯ ಗುರುವಿಗೆ ಸಲ್ಲಿಸಿದ ಅಂತಿಮ ನಮನವದು. ಆಶ್‌ವಿಟ್ಸ್ ಶಿಬಿರದಲ್ಲಿ ಮತ್ತೊಬ್ಬ ಕೈದಿಯ ಬದಲಾಗಿ ಸಾವನ್ನು ಸ್ವೀಕರಿಸಿದ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ ಅವರ ಸ್ಮರಣೆಗೆ ‘ರೆಕೊರ್ದಾರೆ’ ಎಂಬ ಭಾಗವು ಮೀಸಲಾಯಿತು. (1932ರಲ್ಲಿ ನಮ್ಮ ನೆರೆಯ ಎರ್ನಾಕುಲಕ್ಕೂ ಬಂದಿದ್ದ ಕೋಲ್ಬೆಯವರನ್ನು 1982ರ ಅಕ್ಟೋಬರ್ 10ರಂದು ಪೋಪರು ಸಂತರೆಂದು ಘೋಷಿಸಿದರು.) ಈ ಭಾಗದಲ್ಲಿ ಲತೀನ್ ಪದಗಳ ನಡುವೆ, ಪವಿತ್ರನೂ ಬಲಶಾಲಿಯೂ ಅಮರನೂ ಆದ ದೇವರನ್ನು ಕರೆದು ಕರುಣೆ ಬೇಡುವ ಪೋಲಿಷ್ ಪ್ರಾರ್ಥನೆಯ ರಾಗವೂ ಬರುತ್ತದೆ. ಕ್ಷಾಮ, ಬೆಂಕಿ, ಯುದ್ಧ, ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಹಳ್ಳಿಯ ಜನರು ಹಾಡುತ್ತಿದ್ದ ಪ್ರಾರ್ಥನೆಯದು. ‘ದಿಯೆಸ್ ಇರೆ’ ಭಾಗವನ್ನು 1944ರ ವಾರ್ಸಾ ದಂಗೆಯ 40ನೆಯ ವರ್ಷದ ನೆನಪಿಗೂ, ‘ಲಿಬೆರಾ ಮೆ’ ಭಾಗವನ್ನು ಕಾತಿನ್ ಅರಣ್ಯದಲ್ಲಿ ಹತರಾದವರ ನೆನಪಿಗೂ ಬರೆದರು. 1940ರಲ್ಲಿ ಸೋವಿಯತ್ ರಹಸ್ಯ ಪೋಲೀಸರು ಸುಮಾರು 22,000 ಪೋಲಿಷ್ ಅಧಿಕಾರಿಗಳನ್ನೂ ಬಂದಿಗಳನ್ನೂ ಕೊಂದ ಆ ಘೋರಕೃತ್ಯವನ್ನು ಮಾಸ್ಕೋ ಒಪ್ಪಿಕೊಂಡುದು 1990ರಲ್ಲಿ.

ಈ ಎಲ್ಲ ಭಾಗಗಳೂ ಸೇರಿ ‘ಪೋಲಿಷ್ ರೆಕ್ವಿಯೆಮ್’ ಆಯಿತು. ಅದು 1984ರ ಸೆಪ್ಟೆಂಬರ್ 28ರಂದು ಜರ್ಮನಿಯ ಸ್ಟಟ್‌ಗಾರ್ಟ್ ನಗರದಲ್ಲಿ ಮೊದಲ ಬಾರಿಗೆ ನಡೆಯಿತು. ವೃಂದವನ್ನು ನಡೆಸಿದವರು ಮಿಸ್ತಿಸ್ಲಾವ್ ರೊಸ್ಟ್ರೊಪೊವಿಚ್, ಸೋವಿಯತ್ ಸರಕಾರವು 1978ರಲ್ಲಿ ಪೌರತ್ವವನ್ನು ಕಿತ್ತುಕೊಂಡಿದ್ದ ರಷ್ಯನ್ ಕಲಾವಿದರು. ಜರ್ಮನರಿಂದಲೂ ರಷ್ಯನ್ನರಿಂದಲೂ ನೊಂದ ನಾಡಿನ ಮೃತರ ಪೂಜೆಯು ಜರ್ಮನ್ ನಗರದಲ್ಲಿ, ರಷ್ಯನ್ ಕೈಗಳ ಕೆಳಗೆ ನೆರವೇರಿತು! ದ್ವೇಷವನ್ನು ಬೆಳೆಸುವ ದೇಶಾಭಿಮಾನಕ್ಕೂ ನೋವನ್ನು ಹಂಚಿಕೊಳ್ಳುವ ದೇಶಾಭಿಮಾನಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಮೂರು ವಾರಗಳ ತರುವಾಯ, ಅಕ್ಟೋಬರ್ 19ರಂದು, ಕಾರ್ಮಿಕರ ಮಿತ್ರರಾಗಿದ್ದ ಗುರು ಯೆಜಿ ಪೊಪಿಯೆಲುಷ್ಕೊ ಅವರನ್ನು ರಹಸ್ಯ ಪೋಲೀಸರು ಕೊಂದರು. ಲಂಡನ್ನಿನಲ್ಲಿದ್ದ ಪಾನುಫ್ನಿಕ್ ಅವರು ಮರುವರ್ಷ ಆ ಗುರುವಿಗೆ ಒಂದು ಕೃತಿಯನ್ನು ಅರ್ಪಿಸಿದರು. ಹೊರನಾಡಿನವರೂ ಒಳನಾಡಿನವರೂ ಒಂದೇ ಶೋಕದಲ್ಲಿ ಕೂಡಿದರು.

ಸಂಗೀತವು ಮಾಡಿದ್ದೇನು?

ವಾದ್ಯವೃಂದವೇ ಪೋಲೆಂಡಿಗೆ ಸ್ವಾತಂತ್ರ್ಯ ತಂದಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಮುಷ್ಕರ ಹೂಡಿದ ಕಾರ್ಮಿಕರು, ಸೆರೆಗೆ ಹೋದ ಲೇಖಕರು, ಗುಟ್ಟಾಗಿ ಪತ್ರಿಕೆ ಅಚ್ಚುಹಾಕಿದ ತರುಣರು, ಬಾಗಿಲು ತೆರೆದಿಟ್ಟ ಧರ್ಮಕೇಂದ್ರಗಳು, 1989ರ ಜೂನ್ 4ರಂದು ಮತಗಟ್ಟೆಗೆ ನಡೆದ ಜನಸಾಮಾನ್ಯರು, ಇವರೆಲ್ಲರ ತ್ಯಾಗದ ಫಲವದು. ಕಹಳೆಯ ದನಿಗೆ ಟ್ಯಾಂಕುಗಳು ಹಿಂದೆ ಸರಿಯಲಿಲ್ಲ. ಆದರೆ ದಬ್ಬಾಳಿಕೆಯು ಮೊದಲು ಕಸಿದುಕೊಳ್ಳುವುದು ನೆನಪನ್ನು. ಸತ್ತವರು ಸತ್ತೇ ಇಲ್ಲವೆಂದು, ಕೊಂದವರು ಕೊಂದೇ ಇಲ್ಲವೆಂದು ಅದು ಸಾಧಿಸುತ್ತದೆ. ಆ ಸುಳ್ಳಿಗೆ ಸಂಗೀತವು ಶರಣಾಗಲಿಲ್ಲ. ಅದು ಮೃತರ ಹೆಸರುಗಳನ್ನು ಪ್ರಾರ್ಥನೆಯಲ್ಲಿ ಸೇರಿಸಿ ಕಾಪಾಡಿತು. ಅಷ್ಟೇ ಅಲ್ಲ, ಬೇರೆ ಬೇರೆ ದನಿಗಳು ತಮ್ಮ ಬೇರೆತನವನ್ನು ಬಿಡದೆ ಒಂದಾಗಬಲ್ಲವು ಎಂಬುದನ್ನು ಕಣ್ಣಿಗೂ ಕಿವಿಗೂ ತೋರಿಸಿತು.

1987ರಲ್ಲಿ ಗ್ಡಾನ್ಸ್ಕ್ ನಗರದಲ್ಲಿ ಪೋಪರು, ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಸಂತ ಪೌಲರು ಗಲಾತ್ಯರಿಗೆ ಬರೆದುದನ್ನು ನೆನಪಿಸಿ, ಐಕಮತ್ಯದ ಅರ್ಥ ಅದೇ ಎಂದು ಬೋಧಿಸಿದರು. 1986ರ ಫೆಬ್ರವರಿ 6ರಂದು ಮಂಗಳೂರಿನಲ್ಲಿ ಅವರನ್ನು ಕಂಡ ನಮ್ಮ ಹಿರಿಯರು ಆ ಮುಖವನ್ನು ಮರೆತಿಲ್ಲ. ಅವರು 2005ರಲ್ಲಿ ದೈವಾಧೀನರಾದಾಗ ಪೆಂಡೆರೆಟ್ಸ್ಕಿ ಅವರು ತಮ್ಮ ರೆಕ್ವಿಯೆಮ್‌ಗೆ ಕೊನೆಯದಾಗಿ ಒಂದು ಭಾಗವನ್ನು ಸೇರಿಸಿದರು. ಅದರಲ್ಲಿ ಹಾಡಿಲ್ಲ, ಪದಗಳಿಲ್ಲ; ತಂತೀವಾದ್ಯಗಳು ಮಾತ್ರ ಇವೆ. ಗುರೆಟ್ಸ್ಕಿ 2010ರಲ್ಲಿಯೂ ಪೆಂಡೆರೆಟ್ಸ್ಕಿ 2020ರಲ್ಲಿಯೂ ಗತಿಸಿದರು. 1941ರಲ್ಲಿ ನ್ಯೂಯಾರ್ಕಿನಲ್ಲಿ ಮೃತರಾದ ಪಾಡೆರೆವ್ಸ್ಕಿಯವರ ಪಾರ್ಥಿವ ಶರೀರವು 1992ರಲ್ಲಿ ಸ್ವತಂತ್ರ ಪೋಲೆಂಡಿಗೆ ಮರಳಿ, ವಾರ್ಸಾದ ಪ್ರಧಾನಾಲಯದಲ್ಲಿ ವಿಶ್ರಮಿಸುತ್ತಿದೆ.

ನಮ್ಮ ದೇವಾಲಯಗಳಲ್ಲಿ ಮೃತರಿಗಾಗಿ ಬಲಿಪೂಜೆ ಅರ್ಪಿತವಾಗುವಾಗ ಗಾನವೃಂದವು ಹಾಡುವ ಸರಳ ಗೀತೆಗೂ ಆ ಮಹಾಕೃತಿಗಳಿಗೂ ಪ್ರಮಾಣದಲ್ಲಿ ಬಹಳ ವ್ಯತ್ಯಾಸವಿದೆ, ಮೂಲದಲ್ಲಿ ಇಲ್ಲ. ಎರಡೂ ಅಗಲಿದವರನ್ನು ಹೆಸರಿಡಿದು ಕರೆಯುತ್ತವೆ, ಇರುವವರನ್ನು ಒಂದೆಡೆ ನಿಲ್ಲಿಸುತ್ತವೆ. ತನ್ನ ಮೃತರಿಗಾಗಿ ಒಟ್ಟಾಗಿ ಹಾಡಬಲ್ಲ ಜನಸಮುದಾಯವನ್ನು ಯಾವ ಸಾಮ್ರಾಜ್ಯವೂ ಭೂಪಟದಿಂದ ಶಾಶ್ವತವಾಗಿ ಅಳಿಸಲಾರದು.